ಯಾರ ಹೆಜ್ಜೆಗೆ ಯಾರು ಕಾಯಬೇಕು?

ಫೆಬ್ರವರಿ ಮುಗಿದು ಮಾರ್ಚ್ ಕಾಲಿಡುವ ಹೊತ್ತಿಗೆ ನಮ್ಮ ಉತ್ತರ ಬೆಂಗಳೂರಿನ ಹಲವು ಮನೆಗಳಲ್ಲಿ ಒಂದು ಮಾತು ಕೇಳಿಬರುತ್ತದೆ: "ಈ ಭಾನುವಾರ ಬೆಳಗಿನ ಪೂಜೆ ಮುಗಿಸಿಕೊಂಡು ಎಲ್ಲರೂ ಎಲ್ಲಾದರೂ ಸ್ವಲ್ಪ ನಡೆದು ಬರೋಣ." ಯಲಹಂಕದವರಿಗೆ ಜಕ್ಕೂರು ಕೆರೆ ಹತ್ತಿರ. ಹೆಬ್ಬಾಳ, ಆರ್.ಟಿ. ನಗರದವರಿಗೆ ಹೆಬ್ಬಾಳ ಕೆರೆಯ ದಂಡೆಯಿದೆ. ಯಶವಂತಪುರದವರು ಮತ್ತಿಕೆರೆಯ ಜೆ.ಪಿ. ಪಾರ್ಕಿಗೆ ಹೋಗುತ್ತಾರೆ. ಕಾಲಿನಲ್ಲಿ ಕಸುವು, ಮನಸ್ಸಿನಲ್ಲಿ ಹುಮ್ಮಸ್ಸು ಇದ್ದವರು ನಂದಿಬೆಟ್ಟದ ಮೆಟ್ಟಿಲು ಹತ್ತುತ್ತಾರೆ.

ಕಾಲವೂ ಅಂಥದ್ದೇ. ಹೊಂಗೆ ಹಳೆಯ ಎಲೆಯನ್ನೆಲ್ಲ ಉದುರಿಸಿ, ಎಣ್ಣೆ ಹಚ್ಚಿದಂತೆ ಮಿನುಗುವ ಎಳೆಚಿಗುರು ತೊಡುತ್ತದೆ. ಮಾವು ಹೂ ಕಳೆದುಕೊಂಡು ಈಚು ಕಟ್ಟುತ್ತಿರುತ್ತದೆ. ಊರಾಚೆ ಮುತ್ತುಗದ ಮರವಿದ್ದರೆ ಅದರಲ್ಲಿ ಎಲೆಗಿಂತ ಹೂವೇ ಹೆಚ್ಚು. ಚಳಿಗಾಲಕ್ಕೆಂದು ದೂರದಿಂದ ಬಂದಿದ್ದ ಬಾತುಗಳು ಹಿಂದಿರುಗುವ ಸಿದ್ಧತೆಯಲ್ಲಿರುತ್ತವೆ. ಬೆಳಿಗ್ಗೆ ಒಂಬತ್ತರವರೆಗೆ ಬಿಸಿಲು ಹಿತ, ಆಮೇಲೆ ಅದು ತಲೆ ಸುಡುತ್ತದೆ. ಹಾಗಾಗಿ ಇರುವುದು ಎರಡು ಗಂಟೆಯ ಅವಕಾಶ. "ತಪಸ್ಸುಕಾಲದಲ್ಲಿ ವಿಹಾರವೇ?" ಎಂದು ಹಿರಿಯರೊಬ್ಬರು ಹುಬ್ಬೇರಿಸಬಹುದು. ಆದರೆ ಧರ್ಮಸಭೆಯ ಹಳೆಯ ಲೆಕ್ಕದಲ್ಲಿ ಆ ನಲವತ್ತು ಉಪವಾಸದ ದಿನಗಳೊಳಗೆ ಭಾನುವಾರಗಳು ಸೇರುವುದಿಲ್ಲ, ಆದ್ದರಿಂದ ಆ ಪ್ರಶ್ನೆಯನ್ನು ಇಲ್ಲಿಗೇ ಬಿಡೋಣ. ನಾನು ಕೇಳಬೇಕೆಂದಿರುವ ಪ್ರಶ್ನೆ ಬೇರೆ.

ಮನೆಯಿಂದ ಒಂದೇ ಕುಟುಂಬವಾಗಿ ಹೊರಟವರನ್ನು ಕೆರೆಯ ಏರಿಯ ಮೇಲೆ ಕಾಲು ಗಂಟೆಯ ನಂತರ ನೋಡಿ. ದೊಡ್ಡ ಮಗ ಕಿವಿಗೆ ವೈರು ಸಿಕ್ಕಿಸಿಕೊಂಡು ಇನ್ನೂರು ಗಜ ಮುಂದಿದ್ದಾನೆ. ಅಪ್ಪ ಡಾಕ್ಟರು ಹೇಳಿದ ಹೆಜ್ಜೆಗಳ ಲೆಕ್ಕ ಪೂರೈಸಲು ಕೈ ಬೀಸಿಕೊಂಡು ಅವನ ಹಿಂದೆ. ಅಮ್ಮ ಒಂದು ಕೈಯಲ್ಲಿ ತಿಂಡಿಯ ಚೀಲ, ಇನ್ನೊಂದರಲ್ಲಿ ಐದು ವರ್ಷದ ಮಗಳ ಕೈ ಹಿಡಿದು ನಡುವೆ ಎಲ್ಲೋ. ಅಜ್ಜಿ? ಅಜ್ಜಿಯನ್ನು ಗೇಟಿನ ಹತ್ತಿರದ ಕಲ್ಲುಬೆಂಚಿನ ಮೇಲೆ ಕೂರಿಸಿ ಆಗಿದೆ. "ಅಮ್ಮಾ, ನೀವು ಇಲ್ಲೇ ಕೂತಿರಿ, ನಾವು ಒಂದು ಸುತ್ತು ಹಾಕಿ ಬರ್ತೀವಿ." ಹೊರಟದ್ದು ಒಂದು ಕುಟುಂಬ, ಈಗ ಏರಿಯ ಮೇಲಿರುವುದು ಪರಸ್ಪರ ಪರಿಚಯವಿರುವ ನಾಲ್ಕು ಗುಂಪು.

ಒಂದೇ ದಾರಿಯಲ್ಲಿ ಹಲವು ಶಕ್ತಿಯವರು ನಡೆಯುವಾಗ ಯಾರ ಹೆಜ್ಜೆ ಎಲ್ಲರ ಹೆಜ್ಜೆಯಾಗಬೇಕು? ಮುಂದಿರುವವನು ನಿಲ್ಲಬೇಕೇ, ಹಿಂದಿರುವವರು ಓಡಬೇಕೇ, ಅಥವಾ ಅವರವರ ಪಾಡಿಗೆ ಅವರವರನ್ನು ಬಿಟ್ಟುಬಿಡುವುದೇ ಸರಿಯೇ? ಇದೇನು ಮಹಾ ಪ್ರಶ್ನೆ ಎನ್ನಬೇಡಿ. ಮನೆಯೊಳಗೆ ಈ ಪ್ರಶ್ನೆ ಮುಚ್ಚಿಹೋಗಿರುತ್ತದೆ. ಅಲ್ಲಿ ಒಬ್ಬೊಬ್ಬರಿಗೆ ಒಂದೊಂದು ಕೋಣೆ, ಒಂದೊಂದು ಊಟದ ಹೊತ್ತು, ಒಂದೊಂದು ಪರದೆ. ಕೆರೆಯ ದಂಡೆಯಲ್ಲಿ ಮಾತ್ರ ಯಾರು ಯಾರಿಂದ ಎಷ್ಟು ದೂರದಲ್ಲಿದ್ದಾರೆಂಬುದು ಬರಿಗಣ್ಣಿಗೆ ಕಾಣುತ್ತದೆ.

ಮೊದಲು ಆ ಬೆಂಚಿನ ವಿಷಯ. ಅಜ್ಜಿಯನ್ನು ಕೂರಿಸಿದ್ದು ಕಾಳಜಿಯಿಂದಲೇ. ಆಕೆಗೆ ಮಂಡಿನೋವು, ದಣಿವಾಗುವುದು ಬೇಡ. ಇದನ್ನು ತಪ್ಪೆನ್ನಲು ಯಾರಿಗೂ ಬಾಯಿ ಬರುವುದಿಲ್ಲ. ಆದರೂ ಗಮನಿಸಿ: ಬೆಳಿಗ್ಗೆ ಎದ್ದು ಒಳ್ಳೆಯ ಸೀರೆ ಉಟ್ಟುಕೊಂಡವರು ನಡೆಯಲೆಂದು ಬಂದವರು. ಬಂದ ಹತ್ತು ನಿಮಿಷಕ್ಕೆ ಚೀಲ, ಚಪ್ಪಲಿ, ನೀರಿನ ಬಾಟಲಿಗಳ ಕಾವಲಿಗೆ ನೇಮಕವಾದರು. "ಎಷ್ಟು ದೂರ ನಡೆಯಬಲ್ಲಿರಿ?" ಎಂದು ಅವರನ್ನು ಯಾರಾದರೂ ಕೇಳಿದರೇ? ಹಲವು ಅಜ್ಜಿಯರು ಕೂತಿರುವುದನ್ನೇ ಇಷ್ಟಪಡುತ್ತಾರೆ. ನೀರು ನೋಡುತ್ತಾ ಜಪಸರ ಹೇಳಿಕೊಳ್ಳುವುದು ಅವರಿಗೆ ನಡಿಗೆಗಿಂತ ಹಿತ. ಇನ್ನು ಹಲವರು ಇನ್ನೂರು ಹೆಜ್ಜೆ ನಡೆದು, ಐದು ನಿಮಿಷ ನಿಂತು, ಮತ್ತೆ ಇನ್ನೂರು ಹೆಜ್ಜೆ ನಡೆಯಬಲ್ಲರು. ಎರಡರ ನಡುವಿನ ವ್ಯತ್ಯಾಸ ಕೇಳಿದರೆ ಮಾತ್ರ ತಿಳಿಯುತ್ತದೆ. ತಾನಾಗಿ ಕುಳಿತವರು ವಿಶ್ರಾಂತಿ ಪಡೆಯುತ್ತಾರೆ. ಕೇಳದೆ ಕೂರಿಸಲ್ಪಟ್ಟವರು ಕಾಯುತ್ತಾರೆ.

ಬೈಬಲಿನಲ್ಲಿ ಕುಟುಂಬದ ನಡಿಗೆಯ ಬಗ್ಗೆ ನೇರವಾಗಿ ಮಾತಾಡುವ ಒಂದು ಪ್ರಸಂಗವಿದೆ. ಪ್ರವಚನಗಳಲ್ಲಿ ಅದು ಅಷ್ಟಾಗಿ ಕೇಳಿಬರುವುದಿಲ್ಲ. ಆದಿಕಾಂಡದ 33ನೆಯ ಅಧ್ಯಾಯ ತೆರೆಯಿರಿ. ಇಪ್ಪತ್ತು ವರ್ಷಗಳ ನಂತರ ಯಕೋಬ ತನ್ನ ಅಣ್ಣ ಏಸಾವನನ್ನು ಭೇಟಿಯಾಗುತ್ತಾನೆ. ಏಸಾವ ನಾನೂರು ಆಳುಗಳೊಡನೆ ಬಂದಿದ್ದಾನೆ. ಹೆದರಿದ್ದ ತಮ್ಮನನ್ನು ಅಪ್ಪಿಕೊಂಡು, ನಡೆ ಜೊತೆಯಾಗಿ ಹೋಗೋಣ ಎನ್ನುತ್ತಾನೆ. ಯಕೋಬ ಒಪ್ಪುವುದಿಲ್ಲ. ಮಕ್ಕಳು ಎಳೆಯರು, ಹಿಂಡಿನಲ್ಲಿ ಹಾಲೂಡಿಸುವ ಕುರಿ-ದನಗಳಿವೆ, ಒಂದೇ ದಿನ ಅತಿಯಾಗಿ ಅಟ್ಟಿದರೆ ಹಿಂಡೆಲ್ಲ ಸತ್ತುಹೋದೀತು, ನೀನು ಮುಂದೆ ಹೋಗು, ನಾನು ಈ ಮಂದೆಯ ಹಾಗೂ ಮಕ್ಕಳ ನಡಿಗೆಗೆ ತಕ್ಕಂತೆ ಮೆಲ್ಲನೆ ಬರುತ್ತೇನೆ ಎಂದು ಹೇಳಿ ಕಳುಹಿಸುತ್ತಾನೆ. ನಾನೂರು ಯೋಧರ ವೇಗ ಒಂದು ಕಡೆ, ಹಾಲು ಕುಡಿಯುವ ಕರುಗಳ ವೇಗ ಇನ್ನೊಂದು ಕಡೆ. ಮನೆಯ ಯಜಮಾನನಾದವನು ಕರುವಿನ ವೇಗವನ್ನು ಆರಿಸಿಕೊಳ್ಳುತ್ತಾನೆ.

ಇಲ್ಲಿಗೇ ನಿಲ್ಲಿಸಿದರೆ ಚೆಂದದ ಉಪದೇಶವಾಗುತ್ತದೆ. ಆದರೆ ಮುಂದೆ ಓದಿದರೆ ಕಥೆ ತೊಡಕಾಗುತ್ತದೆ. ಸೇಯೀರಿಗೆ ಬಂದು ಸೇರುತ್ತೇನೆ ಎಂದಿದ್ದ ಯಕೋಬ ಅಲ್ಲಿಗೆ ಹೋಗಲೇ ಇಲ್ಲ. ಸುಕ್ಕೋತಿನ ದಾರಿ ಹಿಡಿದು ಅಲ್ಲಿ ಮನೆ ಕಟ್ಟಿಕೊಂಡ. ಅಂದರೆ ಮಕ್ಕಳ ನಿಧಾನ ಒಂದು ನೆಪವೂ ಆಗಿತ್ತು. ಅಣ್ಣನ ಮೇಲೆ ಅವನಿಗೆ ಇನ್ನೂ ನಂಬಿಕೆ ಕೂಡಿರಲಿಲ್ಲ. ಇನ್ನೊಂದು ಸೂಕ್ಷ್ಮವಿದೆ. ಹಿಂದಿನ ಅಧ್ಯಾಯದಲ್ಲೇ, ರಾತ್ರಿಯಿಡೀ ಹೋರಾಡಿದ ಯಕೋಬನ ತೊಡೆಯ ಕೀಲು ತಪ್ಪಿ ಅವನು ಕುಂಟುತ್ತಾ ನಡೆದನೆಂದು ಬರೆದಿದೆ. ಕುಂಟುತ್ತಿದ್ದವನು ಅವನೇ, ಹೇಳಿದ್ದು ಮಾತ್ರ "ಮಕ್ಕಳು ಎಳೆಯರು" ಎಂದು! ನಂದಿಬೆಟ್ಟದ ಅರ್ಧದಾರಿಯಲ್ಲಿ ಏದುಸಿರು ಬಿಡುತ್ತಾ "ಪಾಪ, ಮಗುವಿಗೆ ಸುಸ್ತಾಗಿದೆ, ಸ್ವಲ್ಪ ಕೂರೋಣ" ಎನ್ನುವ ಅಪ್ಪಂದಿರು ನಮ್ಮಲ್ಲಿ ಕಡಿಮೆಯೇನಲ್ಲ. ಮಗು ಅಷ್ಟರಲ್ಲಿ ಮೂರು ಮೆಟ್ಟಿಲು ಮೇಲೆ ನಿಂತು ಕೋತಿಗೆ ಕೈ ಬೀಸುತ್ತಿರುತ್ತದೆ.

ನಿಧಾನಿಗಳನ್ನು ಹೀಗೆ ಎರಡು ರೀತಿಯಲ್ಲಿ ಬಳಸಿಕೊಳ್ಳುತ್ತೇವೆ. ನಮಗೆ ಅವಸರವಿದ್ದಾಗ ಅವರನ್ನು ಬೆಂಚಿನ ಮೇಲೆ ಬಿಡುತ್ತೇವೆ. ನಮಗೆ ಮನಸ್ಸಿಲ್ಲದಾಗ ಅವರನ್ನು ಮುಂದೆ ಹಿಡಿಯುತ್ತೇವೆ. "ಅತ್ತೆಯವರಿಗೆ ಆಗೋದಿಲ್ಲ, ಅದಕ್ಕೇ ನಾವು ಎಲ್ಲಿಗೂ ಹೋಗೋದಿಲ್ಲ" ಎಂಬ ಮಾತನ್ನು ಎಷ್ಟು ಮನೆಗಳಲ್ಲಿ ಕೇಳಿಲ್ಲ! ಆ ಅತ್ತೆಯವರಿಗೆ ಈ ವಿಷಯ ಗೊತ್ತಿರುವುದೇ ಇಲ್ಲ. ಎರಡೂ ಸಂದರ್ಭದಲ್ಲಿ ಅವರ ಬಾಯಿಂದ ಬರಬೇಕಾದ ಉತ್ತರವನ್ನು ನಾವೇ ಹೇಳಿಬಿಟ್ಟಿರುತ್ತೇವೆ.

ಈಗ ಮುಂದೆ ಹೋದ ಮಗನ ಪರವಾಗಿಯೂ ಎರಡು ಮಾತು ಹೇಳಬೇಕು, ಇಲ್ಲದಿದ್ದರೆ ಅನ್ಯಾಯವಾಗುತ್ತದೆ. ಹದಿನಾರರ ಹುಡುಗನಿಗೆ ಅಜ್ಜಿಯ ಹೆಜ್ಜೆ ನಿಜವಾಗಿಯೂ ಶಿಕ್ಷೆ. ಅವನ ಕಾಲುಗಳಿಗೆ ಬೆಟ್ಟ ಬೇಕು. 1,478 ಮೀಟರ್ ಎತ್ತರದ ನಂದಿಬೆಟ್ಟದ ತುದಿಗೆ ಸುಲ್ತಾನಪೇಟೆಯ ಕಡೆಯಿಂದ ಹಳೆಯ ಮೆಟ್ಟಿಲ ದಾರಿಯಿದೆ, ಸಾವಿರಕ್ಕೂ ಹೆಚ್ಚು ಮೆಟ್ಟಿಲು. ಅದನ್ನು ಒಂದೇ ಉಸಿರಿನಲ್ಲಿ ಹತ್ತಿ ಮಂಜಿನೊಳಗೆ ನಿಂತಾಗ ಅವನಿಗಾಗುವ ಸಂತೋಷ ದೇವರು ಕೊಟ್ಟದ್ದೇ. 2025ರ ಸೆಪ್ಟೆಂಬರ್ 7ರಂದು ಹದಿನಾಲ್ಕನೆಯ ಲಿಯೋ ಜಗದ್ಗುರುಗಳು ಸಂತಪದವಿಗೇರಿಸಿದ ಪಿಯರ್ ಜಾರ್ಜೋ ಫ್ರಸ್ಸಾತಿಯನ್ನು ನೆನೆಯಿರಿ. ಇಟಲಿಯ ತೂರಿನ್ ನಗರದ ಆ ಯುವಕನಿಗೆ ಆಲ್ಪ್ಸ್ ಪರ್ವತ ಹತ್ತುವುದೆಂದರೆ ಪ್ರಾಣ. ಸ್ನೇಹಿತರನ್ನು ಕಟ್ಟಿಕೊಂಡು ಬೆಟ್ಟಕ್ಕೆ ಹೋಗುತ್ತಿದ್ದವನೇ ಊರಿನಲ್ಲಿ ಬಡವರ, ರೋಗಿಗಳ ಮನೆಮನೆಗೆ ಹೋಗುತ್ತಿದ್ದ. 1925ರಲ್ಲಿ ಪೋಲಿಯೋ ತಗುಲಿ ತೀರಿಕೊಂಡಾಗ ಅವನಿಗೆ 24 ವರ್ಷ. ಅವನ ಕಾಲಿನ ಬಲಕ್ಕೂ ಕನಿಕರಕ್ಕೂ ಜಗಳವಿರಲಿಲ್ಲ. ಎರಡನೆಯ ಜಾನ್ ಪಾಲ್ ಜಗದ್ಗುರುಗಳೂ ಯುವ ಗುರುವಾಗಿದ್ದಾಗ ಪೋಲೆಂಡಿನಲ್ಲಿ ವಿದ್ಯಾರ್ಥಿಗಳನ್ನು ಬೆಟ್ಟ, ಸರೋವರಗಳಿಗೆ ಕರೆದೊಯ್ಯುತ್ತಿದ್ದರು. ಗುರುವೆಂದು ತಿಳಿದರೆ ಕಮ್ಯುನಿಸ್ಟ್ ಸರಕಾರ ತಡೆಯುತ್ತಿತ್ತಾದ್ದರಿಂದ ಹುಡುಗರು ಅವರನ್ನು "ಮಾವ" ಎಂದು ಕರೆಯುತ್ತಿದ್ದರು.

ಆದ್ದರಿಂದ ಎಲ್ಲರನ್ನೂ ಸದಾಕಾಲ ಒಂದೇ ಹಗ್ಗಕ್ಕೆ ಕಟ್ಟಿ ನಡೆಸುವುದು ಪ್ರೀತಿ ಎಂದು ನಾನು ಒಪ್ಪುವುದಿಲ್ಲ. ಹಾಗೆ ನಡೆಸಿದ ಮನೆಯ ಮಕ್ಕಳು ಕಾಲೇಜು ಸೇರಿದ ಮೇಲೆ ಕುಟುಂಬದ ಜೊತೆ ಎಲ್ಲಿಗೂ ಬರುವುದಿಲ್ಲ. ಮುಂದೆ ಹೋಗಲಿ. ಆದರೆ ಮುಂದೆ ಹೋದವನು ತಿರುಗಿ ಬರುವವನಾಗಿರಲಿ. ತಿರುವಿನಲ್ಲಿ ಪೊದೆಯೊಳಗೆ ನೇರಳೆ ಜಂಬುಕೋಳಿ ಕಂಡರೆ ಹಿಂದಕ್ಕೆ ಓಡಿಬಂದು "ಅಜ್ಜೀ, ಅಲ್ಲಿವರೆಗೆ ಬಂದರೆ ಒಂದು ಹಕ್ಕಿ ತೋರಿಸ್ತೀನಿ" ಎನ್ನುವ ಮೊಮ್ಮಗ ಎಷ್ಟೇ ವೇಗವಾಗಿ ನಡೆದರೂ ಯಾರನ್ನೂ ಬಿಟ್ಟುಹೋದಂತಾಗುವುದಿಲ್ಲ.

ಪವಿತ್ರ ಕುಟುಂಬವೂ ಹೀಗೆ ಚದುರಿ ನಡೆದದ್ದುಂಟು. ಪಾಸ್ಕ ಹಬ್ಬ ಮುಗಿಸಿ ಜೆರುಸಲೇಮಿನಿಂದ ಹೊರಟಾಗ ಹನ್ನೆರಡು ವರ್ಷದ ಬಾಲಯೇಸು ಬಂಧುಬಳಗದ ಗುಂಪಿನಲ್ಲೇ ಇರಬೇಕೆಂದುಕೊಂಡು ಮರಿಯಮ್ಮನವರೂ ಜೋಸೆಫರೂ ಒಂದು ದಿನದ ದಾರಿ ಸಾಗಿಬಿಟ್ಟಿದ್ದರು. ಪಾಸ್ಕವೆಂದರೆ ಆ ನಾಡಿನ ವಸಂತ. ನೆಂಟರಿಷ್ಟರೆಲ್ಲ ಗುಂಪುಗುಂಪಾಗಿ ನಡೆಯುವ ಕಾಲ. ಹುಡುಗನನ್ನು ಕೈಹಿಡಿದು ಎಳೆದೊಯ್ಯಲಿಲ್ಲವೆಂದು ಲೂಕನು ತಂದೆತಾಯಿಯರನ್ನು ದೂರುವುದಿಲ್ಲ. ಸಂಜೆ ಎಣಿಸಿದಾಗ ಒಬ್ಬ ಕಡಿಮೆಯೆಂದು ತಿಳಿಯಿತು, ಬಂದ ದಾರಿಯನ್ನೆಲ್ಲ ಮತ್ತೆ ನಡೆದು ಹೋದರು. ನಮ್ಮ ಮನೆಗಳಲ್ಲಿ ಸಂಜೆ ಎಣಿಸುವವರು ಯಾರು?

ಅದೇ ಲೂಕನ ಶುಭಸಂದೇಶದ ಕೊನೆಯಲ್ಲಿ ಇನ್ನೊಂದು ನಡಿಗೆ, ಅದೂ ಪಾಸ್ಕದ ದಿನಗಳದ್ದೇ. ಎಮ್ಮಾವುವಿಗೆ ಸುಮಾರು ಹನ್ನೊಂದು ಕಿಲೋಮೀಟರ್. ಮುಖ ಬಾಡಿದ ಇಬ್ಬರು ಶಿಷ್ಯರು ಮಾತಾಡಿಕೊಂಡು ಹೋಗುತ್ತಿದ್ದಾರೆ. ಪುನರುತ್ಥಾನರಾದ ಸ್ವಾಮಿ ಹಿಂದಿನಿಂದ ಬಂದು ಜೊತೆಗೂಡುತ್ತಾರೆ. ಸಾವನ್ನೇ ದಾಟಿ ಬಂದವರಿಗೆ ಆ ದಿನ ಎಷ್ಟು ಕೆಲಸವಿರಬೇಡ! ಆದರೂ ಅವರಿಬ್ಬರ ಕಾಲಿನ ವೇಗಕ್ಕೇ ನಡೆದರು, ತಾವೇ ವಿಷಯವಾಗಿದ್ದ ಕಥೆಯನ್ನು ಅವರ ಬಾಯಿಂದಲೇ ಪೂರ್ತಿ ಕೇಳಿದರು. ಊರು ಹತ್ತಿರವಾದಾಗ ಮುಂದೆ ಹೋಗುವವರಂತೆ ತೋರಿಸಿಕೊಂಡರು. ಒತ್ತಾಯಿಸಿದ ಮೇಲೆಯೇ ಉಳಿದರು. ಆ ದಾರಿಯಲ್ಲಿ ಅವರು ಯಾರಿಗೂ "ಬೇಗ ಬೇಗ" ಎನ್ನಲಿಲ್ಲ. ಅಷ್ಟು ಹೊತ್ತು ನಡೆದ ಆ ಇಬ್ಬರು ಮಾತ್ರ ಅದೇ ರಾತ್ರಿ ತಾವಾಗಿಯೇ ಎದ್ದು ಜೆರುಸಲೇಮಿಗೆ ಹಿಂದಿರುಗಿದರು.

ಭಾನುವಾರದ ಬಗ್ಗೆ 1998ರಲ್ಲಿ ಎರಡನೆಯ ಜಾನ್ ಪಾಲರು ಬರೆದ "ದಿಯೆಸ್ ದೋಮಿನಿ" ಎಂಬ ಪತ್ರದಲ್ಲಿ ವಿಶ್ರಾಂತಿಯ ಕುರಿತು ಒಂದು ವಿಚಾರವಿದೆ. ಅವಸರ ಕಡಿಮೆಯಾದಾಗ ಸೃಷ್ಟಿಯ ಸೊಬಗು ಮಾತ್ರವಲ್ಲ, ಜೊತೆಯಲ್ಲಿ ಬಾಳುವವರ ನಿಜವಾದ ಮುಖವೂ ನಮಗೆ ಕಾಣಿಸುತ್ತದೆ ಎಂಬುದು ಅದರ ಭಾವ. ಇದನ್ನು ಓದಿದಾಗ ನನಗೆ ನೆನಪಾಗುವುದು ತಿಂಡಿಯ ಚೀಲ ಹೊತ್ತ ಆ ತಾಯಿಯ ಮುಖ. ಎಲ್ಲರೂ ಅಜ್ಜಿಯ ಮಂಡಿ, ಮಗುವಿನ ಕಾಲುಗಳ ಬಗ್ಗೆ ಯೋಚಿಸುತ್ತೇವೆ. ತಾಯಿಯನ್ನು ನಿಧಾನಿ ಎಂದು ಯಾರೂ ಎಣಿಸುವುದೇ ಇಲ್ಲ, ಏಕೆಂದರೆ ಆಕೆ ಎಂದೂ ನಿಲ್ಲುವುದಿಲ್ಲ. ಆರೂವರೆಯ ಪೂಜೆಗೆ ಮುನ್ನ ಚಿತ್ರಾನ್ನ ಕಲಸಿ, ಚಟ್ನಿ ರುಬ್ಬಿ, ಫ್ಲಾಸ್ಕಿಗೆ ಕಾಫಿ ತುಂಬಿ, ಮಗಳ ಜಡೆ ಹೆಣೆದು ಬರಬೇಕಾದರೆ ನಾಲ್ಕೂವರೆಗೆ ಏಳಬೇಕು. ಕುಟುಂಬದ ವಿಹಾರ ಆಕೆಗೆ ವಾರದ ಏಳನೆಯ ಕೆಲಸದ ದಿನ. ಯಾರ ಹೆಜ್ಜೆಗೆ ಯಾರು ಕಾಯಬೇಕೆಂಬ ಪ್ರಶ್ನೆ ಅಡುಗೆಮನೆಯಲ್ಲೇ ಶುರುವಾಗುತ್ತದೆ, ಕೆರೆಯ ಗೇಟಿಗೆ ಬರುವಷ್ಟರಲ್ಲಿ ಅರ್ಧ ತೀರ್ಮಾನವೂ ಆಗಿರುತ್ತದೆ. ಒಂದು ಚಿಪ್ಪು ಬಾಳೆಹಣ್ಣು, ಅರ್ಧ ಸೇರು ಹುರಿದ ಕಡಲೆಕಾಯಿ ಸಾಲದೇ? ಇಲ್ಲವೇ ದಾರಿಯ ದರ್ಶಿನಿಯಲ್ಲಿ ಎರಡೆರಡು ಇಡ್ಲಿ ತಿಂದರಾಯಿತು. ಖರ್ಚಾಗುತ್ತದೆ, ನಿಜ. ಆಕೆಯ ನಿದ್ರೆಯೂ ಖರ್ಚೇ.

ಇದು ಮನೆಯ ಮಾತಾಯಿತು. ಊರಿಗೂ ಒಂದು ನಡಿಗೆಯ ವೇಗವಿರುತ್ತದೆ, ಅದನ್ನೂ ಯಾರೋ ಗೊತ್ತುಮಾಡಿರುತ್ತಾರೆ. ಬಹುಕಾಲ ಬೆಂಗಳೂರಿನ ಪಾಲಿಕೆ ಉದ್ಯಾನಗಳು ಬೆಳಿಗ್ಗೆ ಕೆಲವು ಗಂಟೆ, ಸಂಜೆ ಕೆಲವು ಗಂಟೆ ಮಾತ್ರ ತೆರೆದಿರುತ್ತಿದ್ದವು, ನಡುಹಗಲಿಗೆ ಬೀಗ. ಬೆಳಗಿನ ವ್ಯಾಯಾಮದವರಿಗೆ ಅದು ಅನುಕೂಲ. ಆದರೆ ನಾಲ್ಕು ಮನೆ ಪಾತ್ರೆ ತೊಳೆದು ಮಧ್ಯಾಹ್ನ ಒಂದು ಗಂಟೆಗೆ ಬಿಡುವಾಗುವ ಹೆಂಗಸಿಗೆ, ಬಿಸಿಲಿನಲ್ಲಿ ತಿರುಗುವ ಡೆಲಿವರಿ ಹುಡುಗನಿಗೆ ನೆರಳಿನ ಬೆಂಚು ಬೇಲಿಯಾಚೆ ಕಾಣುತ್ತಿತ್ತೇ ಹೊರತು ಸಿಗುತ್ತಿರಲಿಲ್ಲ. 2024ರಲ್ಲಿ ಆಗಿನ ಬಿಬಿಎಂಪಿಯ ಉದ್ಯಾನಗಳನ್ನು ಬೆಳಿಗ್ಗೆ 5ರಿಂದ ರಾತ್ರಿ 10ರವರೆಗೆ ತೆರೆದಿಡಬೇಕೆಂಬ ಆದೇಶವಾಯಿತು. ಸ್ವಚ್ಛತೆ ಕೆಡುತ್ತದೆಂದು ಗೊಣಗಿದವರೂ ಇದ್ದರು. ಅವರ ಆತಂಕದಲ್ಲಿ ಹುರುಳಿಲ್ಲವೆನ್ನಲಾರೆ, ಆದರೆ ಬೀಗ ತೆಗೆದದ್ದೇ ಸರಿ.

ಗೇಟುಗಳನ್ನೂ ನೋಡಿ. ಬೈಕು ನುಗ್ಗದಿರಲೆಂದು ಹಲವೆಡೆ ಒಬ್ಬರೇ ಮೈ ತಿರುಗಿಸಿ ನುಸುಳುವ ಕಬ್ಬಿಣದ ತಡೆ ಹಾಕಿರುತ್ತಾರೆ. ಅದರಲ್ಲಿ ಗಾಲಿಕುರ್ಚಿಯೂ ನುಗ್ಗುವುದಿಲ್ಲ. ಅಂಗವಿಕಲರಿಗೆ ಸಾರ್ವಜನಿಕ ಸ್ಥಳಗಳು ಸುಗಮವಾಗಿರಬೇಕೆಂದು 2016ರ ಕಾಯಿದೆ ಹೇಳುತ್ತದೆ. ಹಾಗಿದ್ದರೂ ಗಾಲಿಕುರ್ಚಿಯ ತಂದೆಯನ್ನು ಕರೆತಂದ ಮಗ ಗೇಟಿನಲ್ಲಿ ಕಾವಲುಗಾರನನ್ನು ಹುಡುಕಿ ಬೀಗದ ಕೈ ಬೇಡಬೇಕಾದೀತು. ಒಳಗೆ ಬಂದ ಮೇಲೆ ಇನ್ನೊಂದು ಬಗೆಯವರು: ದಾರಿಯ ಮಧ್ಯೆ ಬಗ್ಗಿ ಕಟ್ಟಿರುವೆಯ ಸಾಲು ನೋಡುವ ಮಗುವನ್ನು "ಪಕ್ಕಕ್ಕೆ ಸರಿಯಮ್ಮಾ" ಎಂದು ಗದರಿಸಿ, ಕೈಗಡಿಯಾರದತ್ತ ಕಣ್ಣುಹಾಯಿಸುತ್ತಾ ಧಾವಿಸುವ ನಡಿಗೆಯವರು. ಆರೋಗ್ಯಕ್ಕಾಗಿ ನಡೆಯುವುದು ಒಳ್ಳೆಯದೇ. ಕೆರೆದಂಡೆ ಮಾತ್ರ ಓಟದ ಮೈದಾನವಲ್ಲ.

ಜಕ್ಕೂರು ಕೆರೆಯ ವಿಷಯದಲ್ಲಿ ಇನ್ನೊಂದು ಸ್ವಾರಸ್ಯವಿದೆ. ಸುಮಾರು 160 ಎಕರೆಯ ಆ ಕೆರೆಗೆ ಮಳೆನೀರಿನ ಜೊತೆಗೆ ಯಲಹಂಕದ ಕಡೆಯ ಶುದ್ಧೀಕರಿಸಿದ ಕೊಳಚೆನೀರೂ ಬರುತ್ತದೆ. ಶುದ್ಧೀಕರಣ ಘಟಕದಿಂದ ಹೊರಬಿದ್ದ ನೀರು ನೇರವಾಗಿ ಕೆರೆಗೆ ಬೀಳುವುದಿಲ್ಲ. ಜೊಂಡು, ಆಪು ಬೆಳೆದ ಜೌಗಿನ ಮೂಲಕ ಹಾಯುತ್ತದೆ. ಅಲ್ಲಿ ಅದರ ವೇಗ ತಗ್ಗುತ್ತದೆ, ಕೆಸರು ತಳಕ್ಕಿಳಿಯುತ್ತದೆ, ಉಳಿದ ಸಾರವನ್ನು ಗಿಡದ ಬೇರುಗಳು ಹೀರಿಕೊಳ್ಳುತ್ತವೆ. ನೀರು ಬೇಗ ಹರಿದುಹೋದರೆ ಆ ಕೆಲಸ ಆಗದು. ಕೆರೆಯಲ್ಲಿ ಮೀನು ಹಿಡಿದು ಬದುಕುವವರಿದ್ದಾರೆ, ಅಂಚಿನಲ್ಲಿ ದನಗಳಿಗೆ ಹುಲ್ಲು ಕೊಯ್ಯುವವರಿದ್ದಾರೆ. ನಾವು ವಿಹಾರಕ್ಕೆ ಬಂದ ಜಾಗ ಅವರಿಗೆ ಅನ್ನದ ಜಾಗ. ಹುಲ್ಲಿನ ಹೊರೆ ಹೊತ್ತವರು ಎದುರು ಬಂದರೆ ದಾರಿ ಬಿಡಬೇಕಾದವರು ಬರಿಗೈಯಲ್ಲಿ ನಡೆಯುವ ನಾವು.

ಯಲಹಂಕದ ಪುಟ್ಟೇನಹಳ್ಳಿ ಕೆರೆಯನ್ನು 2015ರಲ್ಲಿ ಪಕ್ಷಿಗಳ ಸಂರಕ್ಷಣಾ ಮೀಸಲು ಪ್ರದೇಶವೆಂದು ಘೋಷಿಸಿದರು. ಅಲ್ಲಿ ಗಳಿಗೆಗೊಮ್ಮೆ ಜಾಗ ಬದಲಿಸುವವರಿಗೆ ಹಕ್ಕಿ ಕಾಣುವುದು ಕಷ್ಟ. ಹಾವಕ್ಕಿ ನೀರಿನಿಂದ ಕತ್ತು ಎತ್ತುವುದು, ಬಕ ಒಂದೇ ಕಾಲಿನ ಮೇಲೆ ನಿಂತು ಹೊಂಚುಹಾಕುವುದು, ಗುಳುಮುಳುಕ ಮುಳುಗಿದ ಕಡೆ ಬಿಟ್ಟು ಬೇರೆಲ್ಲೋ ಮೇಲೇಳುವುದು, ಇದೆಲ್ಲ ಒಂದೇ ಕಡೆ ಸುಮ್ಮನೆ ನಿಂತವರಿಗೆ ಕಾಣುತ್ತದೆ. ಇಂಥ ಜಾಗದಲ್ಲಿ ಮಂಡಿನೋವಿನ ಅಜ್ಜಿ ಮತ್ತು ಇರುವೆ ನೋಡುವ ಮೊಮ್ಮಗಳು ಬೇರೆಯವರಿಗಿಂತ ಮುಂದಿರುತ್ತಾರೆ. ಒಂದು ಸುತ್ತನ್ನು ನಲವತ್ತು ನಿಮಿಷದಲ್ಲಿ ಮುಗಿಸಿ ಬಂದ ಅಪ್ಪನಿಗೆ ಅವರಿಬ್ಬರೂ ಸೇರಿ ಹೇಳುವ ಸುದ್ದಿ ಬೇಕಾದಷ್ಟಿರುತ್ತದೆ.

ಹೀಗೆ ಯೋಚಿಸಿದರೆ ಮುಂದಿನ ಭಾನುವಾರದ ನಡಿಗೆಗೆ ಬಹಳ ಏರ್ಪಾಡೇನೂ ಬೇಕಾಗಿಲ್ಲ. ಹುಡುಗ ಒಂದು ಸುತ್ತು ಓಡಿ ಬರಲಿ, ಬಂದ ಮೇಲೆ ಅರ್ಧ ಗಂಟೆ ಚೀಲ ಅವನ ಹೆಗಲಿಗಿರಲಿ. ಅಪ್ಪ ತನ್ನ ಹೆಜ್ಜೆಯ ಲೆಕ್ಕವನ್ನು ಸೋಮವಾರ ಪೂರೈಸಿಕೊಳ್ಳಲಿ. ಅಮ್ಮ ಬೇಕೆಂದರೆ ಒಬ್ಬರೇ ನಡೆಯಲಿ, ಬೇಡವೆಂದರೆ ಆ ಕಲ್ಲುಬೆಂಚಿನ ಮೇಲೆ ಆಕೆಯೇ ಕೂರಲಿ. ಇನ್ನು ಅಜ್ಜಿಯವರನ್ನು ಗೇಟಿನ ಬಳಿ ನಿಲ್ಲಿಸಿ, ಎಲ್ಲಿಯವರೆಗೆ ಹೋಗೋಣವೆಂದು ಕೇಳಿ ನೋಡಿ. ಮೀನಿನವರು ತೆಪ್ಪ ಕಟ್ಟುವ ಜಾಗದವರೆಗೆ ಸಾಕು ಎನ್ನಬಹುದು. ಅಲ್ಲಿ ಇವತ್ತು ಮೀನು ಏನು ರೇಟು ಎಂದು ಅವರೇ ವಿಚಾರಿಸಿಯಾರು.